ಗಿಲಾವು ಒಪ್ಪದ ಮೇಷ್ಟ್ರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಜರ್ಮನಿಯ ಹನೋವರ್ ನಗರದ ಕ್ರಿಸ್ಟುಸ್‌ಕಿರ್ಖೆ ಎಂಬ ಕೆಂಪು ಇಟ್ಟಿಗೆಯ ಚರ್ಚಿನ ಫೋಟೊ ಹಾಕಿ, ಅಡಿಯಲ್ಲಿ ‘ವಾಸ್ತುಶಿಲ್ಪಿ ಕಾನ್ರಾಡ್ ವಿಲ್ಹೆಲ್ಮ್ ಹಾಝೆ’ ಎಂದು ಒಂದೇ ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಕಟ್ಟು ಬಂದಿದೆ. ಕಟ್ಟಡಗಳ ಬಗ್ಗೆ ಬರೆದಾಗ ಸಾಮಾನ್ಯವಾಗಿ ಇಬ್ಬರು ಮೂವರು ಕೇಳುತ್ತಾರೆ, ಅದೂ ನೀರು ಸೋರುವುದರ ಬಗ್ಗೆ. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಹಾಝೆಗೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಈ ಹಾಝೆ ಯಾರು? ಇಂಥ ಚರ್ಚು ಕಟ್ಟುವವನು ಆ ಕಾಲದಲ್ಲಿ ಹೇಗೆ ತಯಾರಾಗುತ್ತಿದ್ದ?

1818ರಲ್ಲಿ ಐನ್‌ಬೆಕ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಆಗ ಜರ್ಮನಿ ಎಂಬ ಒಂದು ದೇಶವಿರಲಿಲ್ಲ. ಐನ್‌ಬೆಕ್ ಹನೋವರ್ ರಾಜ್ಯಕ್ಕೆ ಸೇರಿತ್ತು. ಹನೋವರ್‌ನ ತಾಂತ್ರಿಕ ಶಾಲೆಯಲ್ಲಿ ಎರ್ನ್‌ಸ್ಟ್ ಎಬೆಲಿಂಗ್ ಎಂಬ ಗುರುವಿನ ಕೈಕೆಳಗೆ ಓದಿದ. ಆಮೇಲೆ ಮ್ಯೂನಿಕ್‌ಗೆ ಹೋಗಿ ಫ್ರೀಡ್ರಿಖ್ ಫಾನ್ ಗೆರ್ಟ್ನರ್ ಬಳಿ ಕಲಿತ. ಗೆರ್ಟ್ನರ್ ದುಂಡು ಕಮಾನಿನ ಶೈಲಿಯ ದೊಡ್ಡ ಹೆಸರು. ಮ್ಯೂನಿಕ್‌ನ ಲೂಡ್ವಿಗ್ ಚರ್ಚು ಅವನದೇ.

ಇಷ್ಟೆಲ್ಲ ಓದಿ ಊರಿಗೆ ಮರಳಿದ ಹುಡುಗ ಮಾಡಿದ್ದು ನನಗೆ ಬಹಳ ಇಷ್ಟವಾದ ಕೆಲಸ. ಗೆರ್ಸ್ಟಿಂಗ್ ಎಂಬ ಆಸ್ಥಾನದ ಗಾರೆ ಮೇಸ್ತ್ರಿಯ ಬಳಿ ಶಿಷ್ಯನಾಗಿ ಸೇರಿ ಕರಣೆ ಹಿಡಿದ. ಡ್ರಾಯಿಂಗ್ ಬೋರ್ಡಿನಿಂದ ಇಟ್ಟಿಗೆಯ ರಾಶಿಗೆ ಇಳಿದ ಮೇಲೆ ಮನುಷ್ಯ ಮತ್ತೆ ಮೊದಲಿನ ಹಾಗೆ ಗೆರೆ ಎಳೆಯುವುದಿಲ್ಲ. ನಾನು ಮೂವತ್ತು ಚಿಲ್ಲರೆ ವರ್ಷ ವಾಸ್ತುಶಿಲ್ಪ ಪಾಠ ಮಾಡಿದವಳು, ಆ ವ್ಯತ್ಯಾಸವನ್ನು ವಿದ್ಯಾರ್ಥಿಗಳ ನಕ್ಷೆಯಲ್ಲೇ ಗುರುತಿಸುತ್ತಿದ್ದೆ. ಇಟ್ಟಿಗೆ ಜೋಡಿಸಿ ನೋಡಿದವರ ಗೋಡೆಯ ಅಳತೆ ಅರ್ಧ ಇಟ್ಟಿಗೆಯಲ್ಲಿ ಕೊನೆಗೊಳ್ಳುತ್ತದೆ, ನೋಡದವರದು ಎಲ್ಲೆಂದರಲ್ಲಿ.

1843ರಿಂದ ಹನೋವರ್ ರಾಜ್ಯದ ರೈಲ್ವೆಯಲ್ಲಿ ನೌಕರಿ. ಚರ್ಚಿನವನೆಂದು ಹೆಸರಾದವನ ಮೊದಲ ಕಟ್ಟಡಗಳು ರೈಲು ನಿಲ್ದಾಣಗಳು. ವುನ್‌ಸ್ಟೋರ್ಫ್‌ನದು ಅವುಗಳಲ್ಲಿ ಒಂದು. 1848ರಲ್ಲಿ ಲೊಕ್ಕುಮ್ ಮಠದ ದುರಸ್ತಿ ಕೈಗೆ ಬಂತು. ಅದು 1163ರಲ್ಲಿ ಸ್ಥಾಪನೆಯಾದ, ಸಿಸ್ಟರ್ಶಿಯನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಥದ ಮಠ. ಮಧ್ಯಯುಗದ ಗೋಡೆಗಳನ್ನು ಅಂಗುಲ ಅಂಗುಲ ಅಳೆಯುವ ಅವಕಾಶ ಅಲ್ಲಿ ಸಿಕ್ಕಿತು. ಮರುವರ್ಷವೇ, 1849ರಲ್ಲಿ, ತಾನು ಓದಿದ ಶಾಲೆಯಲ್ಲೇ ಅಧ್ಯಾಪಕನಾದ. ಆ ಕುರ್ಚಿ ಬಿಟ್ಟದ್ದು 1894ರಲ್ಲಿ.

ಈ ನಡುವೆ 1853ರಿಂದ 1856ರವರೆಗೆ ಹನೋವರ್‌ನಲ್ಲಿ ಕಲೆ ಮತ್ತು ವಿಜ್ಞಾನದ ವಸ್ತುಸಂಗ್ರಹಾಲಯ ಕಟ್ಟಿದ. ಇನ್ನೂ ಗೆರ್ಟ್ನರ್‌ನ ದುಂಡು ಕಮಾನಿನ ಗುಂಗು ಇಳಿದಿರಲಿಲ್ಲ. ಆಮೇಲೆ ಪೂರ್ತಿ ಚೂಪು ಕಮಾನಿಗೆ, ಗಾಥಿಕ್‌ಗೆ ಹೊರಳಿದ. ಕುರುಡನಾಗಿದ್ದ ರಾಜ ಐದನೆಯ ಜಾರ್ಜ್‌ನ ಕೊಡುಗೆಯಾಗಿ 1859ರಿಂದ 1864ರವರೆಗೆ ಎದ್ದು ನಿಂತ ಕ್ರಿಸ್ಟುಸ್‌ಕಿರ್ಖೆ ಆ ಹೊರಳುವಿಕೆಯ ದೊಡ್ಡ ಪ್ರಕಟಣೆ.

ಆದರೂ ಹಾಝೆಯ ಬದುಕಿನ ಮುಖ್ಯ ಘಟನೆ ಯಾವುದೆಂದು ಕೇಳಿದರೆ ನಾನು ಕ್ರಿಸ್ಟುಸ್‌ಕಿರ್ಖೆಯನ್ನು ಹೇಳುವುದಿಲ್ಲ. 1863ರಲ್ಲಿ ಅವನಿಗೆ ಹನೋವರ್‌ನ ಲುಥೆರನ್, ಅಂದರೆ ಲೂಥರ್‌ನನ್ನು ಅನುಸರಿಸುವ ಪ್ರೊಟೆಸ್ಟೆಂಟ್, ಚರ್ಚಿನ ಆಡಳಿತ ಮಂಡಳಿಯ ಅಧಿಕೃತ ವಾಸ್ತುಶಿಲ್ಪಿಯ ಹುದ್ದೆ ಸಿಕ್ಕಿತು. ಹಳ್ಳಿಯ ಸಭೆಯವರು, ಅಂದರೆ ಒಂದು ಚರ್ಚಿಗೆ ಸೇರಿದ ಭಕ್ತರು, ಹೊಸ ಚರ್ಚು ಕಟ್ಟಲಿ, ಹಳೆಯ ಗೋಪುರಕ್ಕೆ ಹೊಸ ತುದಿ ಇಡಲಿ, ನಕ್ಷೆ ಇವನ ಮೇಜಿನ ಮೇಲೆ ಹಾದು ಹೋಗಬೇಕು. 1897ರವರೆಗೆ ಆ ಮೇಜು ಅವನದೇ. ಹಗಲು ಪಾಠ ಹೇಳಿ ತಯಾರು ಮಾಡಿದ ಹುಡುಗರೇ ಆಮೇಲೆ ನಕ್ಷೆ ಹಿಡಿದು ಒಪ್ಪಿಗೆಗೆ ಬರುತ್ತಿದ್ದರು! ನೂರಕ್ಕೂ ಹೆಚ್ಚು ಚರ್ಚುಗಳನ್ನು ಅವನು ತಾನೇ ಹೊಸದಾಗಿ ಕಟ್ಟಿದ್ದಾನೆ, ತಿದ್ದಿದ್ದಾನೆ, ದುರಸ್ತಿ ಮಾಡಿದ್ದಾನೆ. ಅವನ ಸಹಿ ಇಲ್ಲದ ಎಷ್ಟೋ ಚರ್ಚುಗಳೂ ಅವನವೇ ಎನ್ನುವಂತೆ ಕಾಣುವುದಕ್ಕೆ ಆ ತರಗತಿ ಮತ್ತು ಆ ಮೇಜು ಕಾರಣ. 1902ರಲ್ಲಿ ಹನೋವರ್‌ನಲ್ಲೇ ತೀರಿಕೊಂಡ.

ಪ್ರಶ್ನೆ: ಚರ್ಚಿನ ಗೋಡೆಗೆ ಗಿಲಾವು ಮಾಡದೆ ಇಟ್ಟಿಗೆಯನ್ನು ಹಾಗೇ ಬಿಟ್ಟಿದ್ದಾರಲ್ಲ, ದುಡ್ಡು ಸಾಲಲಿಲ್ಲವೇ?

ಪತ್ರ ಬರೆದವರು ನಿವೃತ್ತ ಗುತ್ತಿಗೆದಾರರು. ಅನುಮಾನ ಸಹಜ. ಆದರೆ ಬರಿಯ ಇಟ್ಟಿಗೆ ಗೋಡೆ ಗಿಲಾವಿನ ಗೋಡೆಗಿಂತ ಸೋವಿಯಲ್ಲ. ಗಿಲಾವಿನ ಅಡಿಯಲ್ಲಿ ಸೊಟ್ಟ ಇಟ್ಟಿಗೆ, ಒಡೆದ ಇಟ್ಟಿಗೆ, ಮೇಸ್ತ್ರಿಯ ಮೈಗಳ್ಳತನ ಎಲ್ಲವೂ ಮುಚ್ಚಿಹೋಗುತ್ತದೆ. ಗಿಲಾವಿಲ್ಲದಿದ್ದರೆ ಪ್ರತಿ ಸಾಲೂ ಸಾಕ್ಷಿ ಹೇಳುತ್ತದೆ. ಒಂದೇ ಬಣ್ಣಕ್ಕೆ ಸುಟ್ಟ, ಅಂಚು ಮುರಿಯದ ಇಟ್ಟಿಗೆ ಬೇಕು; ಕಿಟಕಿಯ ಅಂಚಿಗೆ, ಕಮಾನಿನ ಸುತ್ತಿಗೆ, ಸೂರಿನ ಪಟ್ಟಿಗೆ ಬೇರೆ ಬೇರೆ ಅಚ್ಚಿನಲ್ಲಿ ತೆಗೆದ ಇಟ್ಟಿಗೆ ಬೇಕು; ಹಸಿರು, ಕಂದು, ಕಪ್ಪು ಮೆರುಗು ಹಚ್ಚಿ ಸುಟ್ಟದ್ದು ಬೇಕು.

ಹಾಝೆಯ ವಾದ ಸರಳ: ಗೋಡೆ ಯಾವುದರಿಂದ ಆಗಿದೆಯೋ ಅದೇ ಕಾಣಬೇಕು. ಇಟ್ಟಿಗೆಗೆ ಗಿಲಾವು ಬಳಿದು, ಅದರ ಮೇಲೆ ಕಲ್ಲಿನ ಸಂದಿನಂತೆ ಗೆರೆ ಕೊರೆದು, ಕಲ್ಲೆಂದು ನಂಬಿಸುವುದು ಅವನ ಕಣ್ಣಿಗೆ ಸುಳ್ಳು ಹೇಳುವುದಕ್ಕೆ ಸಮ. ದೇವರ ಮನೆಯಲ್ಲಂತೂ ಕೂಡದು. ಉತ್ತರ ಜರ್ಮನಿಯ ಬಯಲಿನಲ್ಲಿ ಒಳ್ಳೆಯ ಕಲ್ಲು ಕಡಿಮೆ, ಜೇಡಿ ಹೇರಳ. ಲೂಬೆಕ್, ಲ್ಯುನೆಬರ್ಗ್ ಊರುಗಳಲ್ಲಿ ಮಧ್ಯಯುಗದ ವರ್ತಕರು ಇಟ್ಟಿಗೆಯಲ್ಲೇ ಮುಗಿಲೆತ್ತರದ ಗಾಥಿಕ್ ಚರ್ಚುಗಳನ್ನು ಎಬ್ಬಿಸಿದ್ದರು. ಹಾಝೆ ಹಿಡಿದದ್ದು ಆ ಜಾಡು. ಅದಕ್ಕೆ ಅವನ ಕಾಲವೂ ಒದಗಿಬಂತು. 1858ರ ಹೊತ್ತಿಗೆ ಫ್ರೀಡ್ರಿಖ್ ಹಾಫ್‌ಮನ್ ರೂಪಿಸಿದ ಉಂಗುರದಾಕಾರದ ಗೂಡಿನಲ್ಲಿ ಬೆಂಕಿ ಆರದೆ ಕೋಣೆಯಿಂದ ಕೋಣೆಗೆ ಸುತ್ತುತ್ತಿತ್ತು. ಒಂದು ಕಡೆ ಇಟ್ಟಿಗೆ ಬೇಯುವಾಗ ಅದೇ ಬಿಸಿಯಲ್ಲಿ ಮುಂದಿನ ಸಾಲು ಒಣಗುತ್ತಿತ್ತು. ಉರುವಲು ಬಹಳ ಉಳಿಯಿತು. ಸುಟ್ಟ ಇಟ್ಟಿಗೆ ಹೊತ್ತೊಯ್ಯಲು ರೈಲು ಬಂತು. 1872ರಲ್ಲಿ ಇಟ್ಟಿಗೆಗೆ ದೇಶಕ್ಕೆಲ್ಲ ಒಂದೇ ಅಳತೆ ನಿಗದಿಯಾಯಿತು: 25 ಸೆಂ.ಮೀ. ಉದ್ದ, 12 ಅಗಲ, 6.5 ದಪ್ಪ. ಮಧ್ಯಯುಗದ ಇಟ್ಟಿಗೆ ಇದಕ್ಕಿಂತ ದೊಡ್ಡದು. ಹಳೆಯ ಗೋಡೆ ಯಾವುದು, ಹತ್ತೊಂಬತ್ತನೆಯ ಶತಮಾನದ್ದು ಯಾವುದು ಎಂದು ತಿಳಿಯದಿದ್ದರೆ ಇಟ್ಟಿಗೆಯ ದಪ್ಪಕ್ಕೆ ಗೇಣು ಹಿಡಿದರೆ ಸಾಕು.

ನಾನು ಹನೋವರ್‌ಗೆ ಹೋಗಿದ್ದೇ ಇಂಥ ಗೋಡೆಗಳ ದುರಸ್ತಿ ಕಲಿಯಲು. ಅಲ್ಲಿನ ಅಟ್ಟಣಿಗೆಯ ಮೇಲೆ ನಿಂತು ಕಲಿತದ್ದನ್ನು ಗುತ್ತಿಗೆದಾರರಿಗೆ ಹೇಳಲೇಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಸಂದಿಗೆ ಸಿಮೆಂಟ್ ತುಂಬಬೇಡಿ. ಸಿಮೆಂಟ್ ಇಟ್ಟಿಗೆಗಿಂತ ಗಟ್ಟಿ, ನೀರನ್ನು ಹೊರಬಿಡುವುದಿಲ್ಲ. ಒಳಗೆ ಉಳಿದ ತೇವ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಇಟ್ಟಿಗೆಯ ಮುಖವೇ ಹಪ್ಪಳದಂತೆ ಎದ್ದು ಬರುತ್ತದೆ. ಮೆರುಗು ಹಚ್ಚಿದ ಇಟ್ಟಿಗೆಯಲ್ಲಿ ಇದು ಇನ್ನೂ ಬೇಗ. ಯುದ್ಧದ ನಂತರ ಸಿಮೆಂಟ್ ತುಂಬಿದ ಒಂದು ಗೋಡೆಯಲ್ಲಿ ಮೆರುಗಿನ ಇಟ್ಟಿಗೆಗಳೇ ಮೊದಲು ಹೋಗಿದ್ದವು, ಸಾದಾ ಇಟ್ಟಿಗೆ ಗಟ್ಟಿಯಾಗಿ ನಿಂತಿತ್ತು.

ಪ್ರಶ್ನೆ: ಆರುನೂರು ವರ್ಷ ಹಿಂದಿನ ಶೈಲಿಯನ್ನು ನಕಲು ಮಾಡಿದವನನ್ನು ಸೃಜನಶೀಲ ಎನ್ನಬಹುದೇ? (ವಾಸ್ತುಶಿಲ್ಪದ ಮೂರನೆಯ ವರ್ಷದ ವಿದ್ಯಾರ್ಥಿನಿ)

ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಿದ್ದೀರಿ. ಆದರೆ ಈ ಚಿಂತೆ ಅವರಿಗೂ ಇತ್ತು. ಕಾರ್ಲ್‌ಸ್ರೂಹೆಯ ಹೈನ್ರಿಖ್ ಹ್ಯುಬ್ಶ್ 1828ರಲ್ಲೇ ‘ನಾವು ಯಾವ ಶೈಲಿಯಲ್ಲಿ ಕಟ್ಟಬೇಕು?’ ಎಂಬ ಹೆಸರಿನ ಪುಸ್ತಕವನ್ನೇ ಬರೆದ. ಕಟ್ಟುವವರಿಗೆ ತಮ್ಮ ಕಾಲಕ್ಕೆ ತಮ್ಮದೇ ಆದ ಶೈಲಿ ಇಲ್ಲ ಎಂಬ ಮುಜುಗರ ಅದು. ಹ್ಯುಬ್ಶ್ ದುಂಡು ಕಮಾನು ಎಂದ. ಕೊಲೋನ್‌ನವರು ಗಾಥಿಕ್ ಎಂದರು.

ಕೊಲೋನ್‌ನ ಮಹಾ ಚರ್ಚನ್ನೇ ನೋಡಿ. ಮಧ್ಯಯುಗದಲ್ಲಿ ಅರ್ಧಕ್ಕೆ ನಿಂತಿದ್ದ ಕೆಲಸ 1842ರಲ್ಲಿ ಮತ್ತೆ ಶುರುವಾಗಿ 1880ರಲ್ಲಿ ಮುಗಿಯಿತು. ಮುಂಭಾಗದ ಹಳೆಯ ನಕ್ಷೆಯ ತುಂಡುಗಳು ಒಂದು ಡಾರ್ಮ್‌ಸ್ಟಾಟ್‌ನಲ್ಲಿ, ಇನ್ನೊಂದು ಪ್ಯಾರಿಸ್‌ನಲ್ಲಿ ಸಿಕ್ಕಿದ್ದವು. ಅವನ್ನು ಜೋಡಿಸಿಟ್ಟುಕೊಂಡು 157 ಮೀಟರ್ ಎತ್ತರದ ಗೋಪುರಗಳನ್ನು ಎಬ್ಬಿಸಿದರು. ಇದಕ್ಕಿಂತ ಶ್ರದ್ಧೆಯ ನಕಲು ಇಲ್ಲ. ಆದರೆ ಆ ಚರ್ಚಿನ ಮಾಡಿನ ಕೆಳಗೆ ಹತ್ತಿ ನೋಡಿದರೆ ಮರದ ತೊಲೆಗಳಿಲ್ಲ, ಪೂರ್ತಿ ಕಬ್ಬಿಣದ ಹಂದರ! ಐಫೆಲ್ ಗೋಪುರಕ್ಕಿಂತ ಎಷ್ಟೋ ಮೊದಲಿನದು. ಬೆಂಕಿಗೆ ಹೆದರಿ, ಹೊಸ ಕಾಲದ ಲೆಕ್ಕ ನಂಬಿ ಹಾಕಿದ್ದು. ಹೊರಗೆ ಹದಿಮೂರನೆಯ ಶತಮಾನ, ಒಳಗೆ ಹತ್ತೊಂಬತ್ತನೆಯದು. ಹಾಝೆಯ ಚರ್ಚುಗಳಲ್ಲಿ ಇಂಥ ಬೆರಗಿಲ್ಲ. ಅವನ ಸ್ವಂತಿಕೆ ಇರುವುದು ಶಿಸ್ತಿನಲ್ಲಿ. ಮಧ್ಯಯುಗದ ಯಾವ ಮೇಸ್ತ್ರಿಯೂ ಇಟ್ಟಿಗೆಯ ತರ್ಕವನ್ನು ಪಠ್ಯವಾಗಿ ಬೋಧಿಸಿರಲಿಲ್ಲ. ರೈಲು ನಿಲ್ದಾಣ, ಶಾಲೆ, ಬಾಡಿಗೆ ಮನೆ, ಚರ್ಚು ಎಲ್ಲಕ್ಕೂ ಅದೇ ವ್ಯಾಕರಣ ಹೊಂದುವಂತೆ ಅವನು ಕಲಿಸಿದ. ಅದಕ್ಕೆ ಇಂದು ಹನೋವರ್ ಪಂಥ ಎನ್ನುತ್ತಾರೆ.

ಅವನ ಚರ್ಚುಗಳಲ್ಲಿ ಕೆಲವು ನೀರಸವಾಗಿವೆ ಎಂದರೆ ನಾನು ವಾದಕ್ಕೆ ಬರುವುದಿಲ್ಲ.

ಪ್ರಶ್ನೆ: ಚರ್ಚು ಹೀಗೇ ಇರಬೇಕೆಂದು ಕಾನೂನು ಇತ್ತಂತೆ. ಹೌದೇ?

ಕಾನೂನಲ್ಲ, ಶಿಫಾರಸು. ಆದರೆ ಒಪ್ಪಿಗೆ ಕೊಡುವವನ ಮೇಜಿನ ಮೇಲೆ ಶಿಫಾರಸು ಬಿದ್ದಿದ್ದರೆ ಅದು ಕಾನೂನಿಗಿಂತ ಗಟ್ಟಿ. 1861ರಲ್ಲಿ ಐಸೆನಾಖ್ ಊರಿನಲ್ಲಿ ಜರ್ಮನ್ ರಾಜ್ಯಗಳ ಪ್ರೊಟೆಸ್ಟೆಂಟ್ ಚರ್ಚು ಆಡಳಿತಗಳ ಸಮ್ಮೇಳನ ಹದಿನಾರು ಅಂಶಗಳ ನಿಯಮಾವಳಿ ಹೊರಡಿಸಿತು. ರೂಪಿಸಿದ ವಾಸ್ತುಶಿಲ್ಪಿಗಳಲ್ಲಿ ಬರ್ಲಿನ್‌ನ ಸ್ಟ್ಯುಲರ್, ಸ್ಟುಟ್‌ಗಾರ್ಟ್‌ನ ಲೈನ್ಸ್ ಜೊತೆ ನಮ್ಮ ಹಾಝೆಯೂ ಇದ್ದ.

ಅದರಲ್ಲಿ ಏನಿತ್ತು? ಚರ್ಚು ಉದ್ದನೆಯ ಆಯತವಾಗಿರಲಿ, ಆಲ್ಟರ್ (ಪೂಜಾವೇದಿಕೆ) ಪೂರ್ವಕ್ಕಿರಲಿ. ಎಂಟು ಮೂಲೆಯ ವಿನ್ಯಾಸ ಆಗಬಹುದು, ದುಂಡನೆಯದು ಬೇಡ. ಶೈಲಿ ಪ್ರಾಚೀನ ಬಸಿಲಿಕಾದ್ದೋ (ಮೊದಲ ಕ್ರೈಸ್ತರ ಉದ್ದನೆಯ ಕಂಬಸಾಲಿನ ಚರ್ಚು), ಗಾಥಿಕ್‌ಗೂ ಹಿಂದಿನ ದುಂಡು ಕಮಾನಿನ ರೋಮನೆಸ್ಕೋ ಆಗಬಹುದು, ಗಾಥಿಕ್ ಆದರೆ ಮೇಲು. ಗೋಪುರ ಪಶ್ಚಿಮದ ಮುಖ್ಯ ಬಾಗಿಲಿಗೆ ಅಂಟಿಕೊಂಡಿರಲಿ. ಆಲ್ಟರ್ ಇರುವ ಜಾಗ ಸಭಿಕರ ಅಂಗಣದಿಂದ (ಚರ್ಚಿನೊಳಗೆ ಜನ ಕೂರುವ ಭಾಗ) ಕೆಲವು ಮೆಟ್ಟಿಲು ಎತ್ತರದಲ್ಲಿರಲಿ. ಆರ್ಗನ್ ಆಲ್ಟರ್‌ಗೆ ಎದುರಾಗಿ ಪಶ್ಚಿಮದ ಅಟ್ಟದಲ್ಲಿರಲಿ. ಪ್ರವಚನ ಪೀಠ ಆಲ್ಟರ್‌ನ ಮುಂದೆಯೂ ಬೇಡ, ಹಿಂದೆಯೂ ಬೇಡ, ಮೇಲೆಯೂ ಬೇಡ; ಪಕ್ಕದ ಕಂಬಕ್ಕೆ ಸರಿಯಲಿ. ಬಾಳಿಕೆ ಬರುವ ಸಾಮಗ್ರಿ ಬಳಸಿ, ಬಣ್ಣ ಬಳಿದು ಇನ್ನೊಂದರ ವೇಷ ಹಾಕಿಸಬೇಡಿ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಪ್ರೊಟೆಸ್ಟೆಂಟರಿಗೆ ಪ್ರವಚನವೇ ಪ್ರಾಣ. ಲೂಥರ್ ನಂತರದ ಎರಡು ಮೂರು ಶತಮಾನಗಳಲ್ಲಿ ಅವರು ಆಲ್ಟರ್‌ನ ಮೇಲೆಯೇ ಪ್ರವಚನ ಪೀಠವನ್ನು ಕೂರಿಸಿ, ಎಲ್ಲರಿಗೂ ಕಾಣುವ, ಕೇಳುವ ಚರ್ಚುಗಳನ್ನು ತಾವೇ ರೂಢಿಸಿಕೊಂಡಿದ್ದರು. ಡ್ರೆಸ್ಡೆನ್‌ನಲ್ಲಿ ಗೇಯಾರ್ಗ್ ಬೇರ್ ವಿನ್ಯಾಸ ಮಾಡಿದ, ಅವನು ತೀರಿಕೊಂಡ ಮೇಲೆ 1743ರಲ್ಲಿ ಮುಗಿದ ಫ್ರೌಎನ್‌ಕಿರ್ಖೆ ಚರ್ಚಿನಲ್ಲಿ ಆರ್ಗನ್ ಇರುವುದು ಆಲ್ಟರ್‌ನ ತಲೆಯ ಮೇಲೆ, ಸಭಿಕರು ಕೂರುವುದು ಸುತ್ತಲೂ. ಅಂಥದ್ದನ್ನೆಲ್ಲ ಐಸೆನಾಖ್ ಒಂದೇ ಏಟಿಗೆ ಬದಿಗೆ ಸರಿಸಿತು. ಮಾದರಿಯಾಗಿ ಹಿಡಿದದ್ದು ಲೂಥರ್ ಹುಟ್ಟುವ ಮೊದಲಿನ, ಅಂದರೆ ಕ್ಯಾಥೊಲಿಕ್ ಕಾಲದ ಚರ್ಚುಗಳನ್ನು! ಪಾದ್ರಿ ಪಕ್ಕದ ಕಂಬದಿಂದ ಮಾತಾಡಿದರೆ ಕಂಬಸಾಲಿನ ಆಚೆಯ ಪಕ್ಕದ ಅಂಗಣದಲ್ಲಿ ಕುಳಿತವರಿಗೆ ಕಂಬವೇ ಕಾಣುತ್ತದೆ. ನಾನು ಇಂಥ ಚರ್ಚುಗಳಲ್ಲಿ ಕಂಬದ ಹಿಂದೆ ಕುಳಿತು ದನಿ ಕೇಳಿದ್ದೇನೆ. ಮಾತು ಚಾವಣಿಗೆ ಬಡಿದು ಚೂರು ಚೂರಾಗಿ ಇಳಿಯುತ್ತದೆ.

ಇದನ್ನು ಬುಡಮೇಲು ಮಾಡಿದವನು ಹಾಝೆಯ ಶಿಷ್ಯನೇ. ಹೆಸರು ಯೊಹಾನೆಸ್ ಓಟ್ಸೆನ್. 1839ರಲ್ಲಿ ಶ್ಲೆಸ್ವಿಗ್ ಪ್ರಾಂತ್ಯದ ಸೀಸೆಬಿಯಲ್ಲಿ ಹುಟ್ಟಿ, ಹನೋವರ್‌ನಲ್ಲಿ ಹಾಝೆಯ ಪಾಠ ಕೇಳಿ, ಆಮೇಲೆ ಬರ್ಲಿನ್ ಸೇರಿದ. ಹಾಂಬರ್ಗ್ ಪಕ್ಕದ ಆಲ್ಟೋನಾದಲ್ಲಿ 1868ರಿಂದ 1873ರವರೆಗೆ ಕಟ್ಟಿದ ಸೇಂಟ್ ಯೊಹಾನಿಸ್ ಚರ್ಚಿನಿಂದ ಹೆಸರಾದ. ಗುರುವಿನ ಕೆಂಪು ಇಟ್ಟಿಗೆ, ಮೆರುಗಿನ ಪಟ್ಟಿ, ಚೂಪು ಕಮಾನು ಎಲ್ಲವನ್ನೂ ಇಟ್ಟುಕೊಂಡು ನೆಲದ ನಕ್ಷೆಯನ್ನು ಮಾತ್ರ ಮೆಲ್ಲಗೆ ಬದಲಿಸುತ್ತ ಹೋದ. ವೀಸ್‌ಬಾಡೆನ್‌ನ ಬೆರ್ಗ್‌ಕಿರ್ಖೆಯಲ್ಲಿ, 1876ರಿಂದ 1879ರ ನಡುವೆ, ಉದ್ದನೆಯ ಆಯತ ಕುಗ್ಗಿ ನಡುವಿನ ಜಾಗ ಹಿಗ್ಗಿತು. ಅದೇ ಊರಿನ ಪಾದ್ರಿ ಎಮಿಲ್ ಫೇಸನ್‌ಮೆಯರ್ ಜೊತೆ ಮಾತುಕತೆ ಬೆಳೆದು, 1891ರಲ್ಲಿ ವೀಸ್‌ಬಾಡೆನ್ ಕಾರ್ಯಕ್ರಮ ಎಂಬುದು ಅಚ್ಚಾಯಿತು. ಐಸೆನಾಖ್‌ನದು ಹದಿನಾರು ಅಂಶವಾದರೆ ಇದು ನಾಲ್ಕೇ. ಚರ್ಚು ಸಭಿಕರು ಕೂಡುವ ಮನೆ. ಅದನ್ನು ಸಾಲು ಸಾಲು ಅಂಗಣಗಳಾಗಿ ಸೀಳಬೇಡಿ, ಆಲ್ಟರ್‌ನ ಜಾಗವನ್ನು ಬೇರ್ಪಡಿಸಬೇಡಿ. ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಸಭಿಕರ ನಡುವೆಯೇ ನಡೆಯಲಿ. ಪ್ರವಚನ ಪೀಠ ಆಲ್ಟರ್‌ನ ಹಿಂದೆ, ಆರ್ಗನ್ ಮತ್ತು ಗಾಯಕರು ಅದರೊಡನೆ ಒಂದಾಗಿ, ಎಲ್ಲರ ಕಣ್ಣೆದುರು ಇರಲಿ.

ಇದರಂತೆ ಅಲ್ಲೇ ಓಟ್ಸೆನ್ ಕಟ್ಟಿದ ರಿಂಗ್‌ಕಿರ್ಖೆ 1894ರಲ್ಲಿ ತೆರೆಯಿತು. ಒಳಗೆ ಹೊಕ್ಕರೆ ಆಲ್ಟರ್, ಅದರ ಹಿಂದೆ ಪೀಠ, ಅದರ ಮೇಲೆ ಆರ್ಗನ್ ಒಂದೇ ನೇರದಲ್ಲಿ ಎದುರಾಗುತ್ತವೆ. ಕುಳಿತವರ ಕಣ್ಣಿಗೆ ಕಂಬ ಅಡ್ಡ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡು ಗೋಪುರಗಳ ಸಂಪ್ರದಾಯಸ್ಥ ಚರ್ಚು. ಬದಲಾವಣೆಯೆಲ್ಲ ಒಳಗೆ.

ಹಾಝೆಯ ಶಿಷ್ಯರಲ್ಲಿ ನನ್ನ ಮೆಚ್ಚಿನವನು ಇವನೇ. ಗೋಡೆಯ ಬಗ್ಗೆ ಗುರು ಹೇಳಿದ್ದನ್ನು ನಂಬಿದ, ನೆಲದ ಬಗ್ಗೆ ಹೇಳಿದ್ದನ್ನು ನಂಬಲಿಲ್ಲ.

ಪ್ರಶ್ನೆ: ಒಮ್ಮೆಲೇ ಅಷ್ಟೊಂದು ಚರ್ಚು ಯಾರಿಗೆ ಬೇಕಾಗಿತ್ತು?

ಊರುಗಳು ಉಬ್ಬಿದವು. ಬರ್ಲಿನ್‌ನ ಜನಸಂಖ್ಯೆ 1871ರಲ್ಲಿ ಎಂಟು ಲಕ್ಷ ಚಿಲ್ಲರೆ, 1900ಕ್ಕೆ ಹದಿನೆಂಟು ಲಕ್ಷ ದಾಟಿತ್ತು. ಹೊಸ ಕಾರ್ಮಿಕ ಬಡಾವಣೆಗಳಲ್ಲಿ ಒಂದೊಂದು ಸಭೆಗೆ ಹತ್ತಾರು ಸಾವಿರ ಜನ. ಚರ್ಚಿನಿಂದ ದೂರವಾದ ಕಾರ್ಮಿಕರು ಸಮಾಜವಾದಿಗಳ ಕಡೆ ವಾಲುತ್ತಿದ್ದಾರೆ ಎಂಬ ಭಯ ಅರಮನೆಗೂ ಇತ್ತು. ಮಹಾರಾಣಿ ಆಗುಸ್ಟೆ ವಿಕ್ಟೋರಿಯಾಳ ಆಶ್ರಯದಲ್ಲಿ 1890ರಲ್ಲಿ ಚರ್ಚು ಕಟ್ಟಿಸುವ ಸಂಘವೇ ಹುಟ್ಟಿತು. ಫ್ರಾನ್ಸ್ ಶ್ವೆಖ್ಟನ್ 1891ರಿಂದ 1895ರವರೆಗೆ ಕಟ್ಟಿದ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚು ಆ ಉಬ್ಬರದ ಕಾಲದ್ದು. ಇಂದು ಬರ್ಲಿನ್‌ನ ನಡುವೆ ಮುರಿದ ಗೋಪುರವಾಗಿ ನಿಂತಿರುವುದು ಅದೇ. 1943ರ ನವೆಂಬರ್‌ನಲ್ಲಿ ಬಾಂಬಿಗೆ ಸಿಕ್ಕಿತು.

ಪ್ರಶ್ನೆ: ಹಾಝೆಯ ತರಗತಿಯಲ್ಲಿ ಲುಥೆರನ್ನರು ಮಾತ್ರ ಇದ್ದರೇ?

ಇಲ್ಲ, ಮತ್ತು ಇದು ಅವನ ಕತೆಯಲ್ಲಿ ನನಗೆ ಬಹಳ ಮುಖ್ಯ ಅನಿಸುವ ಭಾಗ. ಕ್ಯಾಥೊಲಿಕ್ ಆಗಿದ್ದ ಕ್ರಿಸ್ಟೋಫ್ ಹೇಲ್ ಅವನಲ್ಲಿ ಕಲಿತು ಹನೋವರ್‌ನಲ್ಲಿ ಸೇಂಟ್ ಮರಿಯನ್ ಚರ್ಚು ಕಟ್ಟಿದ. ಜರ್ಮನಿಯ ಪ್ರಧಾನಿ ಬಿಸ್ಮಾರ್ಕ್‌ನನ್ನು ಸಂಸತ್ತಿನಲ್ಲಿ ಎದುರು ಹಾಕಿಕೊಂಡ ಕ್ಯಾಥೊಲಿಕ್ ನಾಯಕ ವಿಂಟ್‌ಹೋರ್ಸ್ಟ್‌ನ ಸಮಾಧಿ ಇರುವುದು ಅಲ್ಲೇ. ನಾರ್ವೆಯಿಂದಲೂ ಹುಡುಗರು ಹನೋವರ್‌ಗೆ ಕಲಿಯಲು ಬರುತ್ತಿದ್ದರು.

ಎಡ್ವಿನ್ ಓಪ್ಲರ್ ಯೆಹೂದಿ. ಸೈಲೀಸಿಯಾದ ಓಎಲ್ಸ್ ಎಂಬಲ್ಲಿ 1831ರಲ್ಲಿ ಹುಟ್ಟಿ, ಹಾಝೆಯ ಬಳಿ ಓದಿ, ಪ್ಯಾರಿಸ್‌ಗೆ ಹೋಗಿ, ಗಾಥಿಕ್ ಕಟ್ಟಡಗಳ ದುರಸ್ತಿಗೆ ಹೆಸರಾದ ಫ್ರೆಂಚ್ ವಾಸ್ತುಶಿಲ್ಪಿ ವಿಯೋಲೆ-ಲೆ-ದ್ಯುಕ್ ಬಳಿ ಕೆಲಸ ಮಾಡಿ ಬಂದವನು. ಆಗ ಜರ್ಮನಿಯಲ್ಲಿ ಸಿನಗಾಗ್‌ಗಳನ್ನು, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರಗಳನ್ನು, ಗುಮ್ಮಟ, ಕುದುರೆಲಾಳದ ಕಮಾನು ಇಟ್ಟು ಮೂರಿಶ್ (ಸ್ಪೇನ್‌ನ ಮುಸ್ಲಿಮರ) ಶೈಲಿಯಲ್ಲಿ ಕಟ್ಟುವ ಫ್ಯಾಷನ್ ಇತ್ತು. ಓಪ್ಲರ್ ಒಪ್ಪಲಿಲ್ಲ. ಜರ್ಮನಿಯ ಯೆಹೂದಿ ಜರ್ಮನಿಯ ಪ್ರಜೆ, ಅವನ ಪ್ರಾರ್ಥನಾ ಮಂದಿರವೂ ಈ ನೆಲದ ಶೈಲಿಯಲ್ಲೇ ಇರಬೇಕು, ಪರದೇಶದವನಂತೆ ವೇಷ ಹಾಕಬಾರದು ಎಂಬುದು ಅವನ ಪಟ್ಟು. ಹನೋವರ್‌ನ ಹೊಸ ಸಿನಗಾಗನ್ನು 1864ರಿಂದ 1870ರವರೆಗೆ ರೋಮನೆಸ್ಕ್ ಶೈಲಿಯಲ್ಲಿ, ಚರ್ಚುಗಳ ಸಾಲಿನಲ್ಲಿ ತಲೆಯೆತ್ತಿ ನಿಲ್ಲುವಂತೆ ಕಟ್ಟಿದ. 1938ರ ನವೆಂಬರ್ ರಾತ್ರಿ ನಾಜಿಗಳು ಅದಕ್ಕೆ ಬೆಂಕಿ ಹಚ್ಚಿದರು. ಬ್ರೆಸ್ಲಾವ್‌ನಲ್ಲಿ ಅವನು ಕಟ್ಟಿದ್ದ ಇನ್ನೊಂದು ದೊಡ್ಡ ಸಿನಗಾಗ್‌ನದೂ ಅದೇ ಗತಿ. ಓಪ್ಲರ್ 1880ರಲ್ಲೇ ತೀರಿಕೊಂಡಿದ್ದ.

ಗುರುಶಿಷ್ಯರ ನಡುವೆ ಮಾರಿಯನ್‌ಬುರ್ಗ್ ಕೋಟೆಯ ಪ್ರಸಂಗವೂ ಇದೆ. ರಾಜ ಐದನೆಯ ಜಾರ್ಜ್ ರಾಣಿ ಮರೀಗೆ ಉಡುಗೊರೆಯಾಗಿ ಕಟ್ಟಿಸಿದ ಬೇಸಿಗೆ ಅರಮನೆ ಅದು. 1858ರಲ್ಲಿ ಹಾಝೆ ಆರಂಭಿಸಿದ, 1864ರಲ್ಲಿ ಕೆಲಸ ಓಪ್ಲರ್ ಕೈಗೆ ಹೋಯಿತು. 1866ರಲ್ಲಿ ಪ್ರಷ್ಯ ಎಂಬ ಬಲಿಷ್ಠ ಜರ್ಮನ್ ರಾಜ್ಯ ಹನೋವರ್ ರಾಜ್ಯವನ್ನೇ ನುಂಗಿತು. ರಾಜ ಆಸ್ಟ್ರಿಯಾಕ್ಕೆ ಓಡಿದ, ಮರುವರ್ಷ ರಾಣಿಯೂ ಹೊರಟಳು. ಅರಮನೆಯ ಒಳಗೆಲಸ ಪೂರ್ತಿಯಾಗಲೇ ಇಲ್ಲ. ರಾಜ್ಯ ಹೋದರೂ ಹಾಝೆಯ ಹುದ್ದೆ ಹೋಗಲಿಲ್ಲ ಎಂಬುದನ್ನು ಗಮನಿಸಿ. ಪ್ರಷ್ಯದ ಆಳ್ವಿಕೆಯಲ್ಲೂ ಅದೇ ತರಗತಿ, ಅದೇ ಮೇಜು.

ಪ್ರಶ್ನೆ: ದುರಸ್ತಿಯ ಹೆಸರಿನಲ್ಲಿ ಇಂಥವರು ಹಳೆಯ ಕಟ್ಟಡಗಳನ್ನು ಕೆಡಿಸಿದರು ಎಂದು ಓದಿದ್ದೇನೆ. ನಿಮ್ಮ ಅಭಿಪ್ರಾಯ?

ಕೆಡಿಸಿದರು, ಉಳಿಸಿದರು ಕೂಡ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿದ.

ಹಿಲ್ಡೆಸ್‌ಹೈಮ್‌ನ ಸೇಂಟ್ ಮಿಖಾಯಿಲ್ ಸಾವಿರದ ಇಸವಿಯ ಆಸುಪಾಸಿನ ಚರ್ಚು, ಇಂದು ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ಮಠದ ಕಟ್ಟಡಗಳು ಮಾನಸಿಕ ರೋಗಿಗಳ ಆಸ್ಪತ್ರೆಯಾಗಿದ್ದ ಕಾಲದಲ್ಲಿ, 1855ರಿಂದ 1857ರವರೆಗೆ, ಹಾಝೆ ಚರ್ಚನ್ನು ಮತ್ತೆ ಪ್ರಾರ್ಥನೆಗೆ ಸಜ್ಜುಗೊಳಿಸಿದ. ಹನೋವರ್‌ನ ಹಳೆಯ ನಗರಸಭೆಯ ಕಟ್ಟಡವನ್ನು ಕೆಡವುವ ಮಾತು ಬಂದಾಗ ವಿರೋಧಿಸಿದವರ ಮುಂದಾಳು ಅವನೇ. ಉಳಿಸಿಕೊಂಡ ಮೇಲೆ ಅದರ ದುರಸ್ತಿಯೂ ಅವನದೇ ಆಯಿತು. 1880ರ ದಶಕದ ಆರಂಭಕ್ಕೆ ಕೆಲಸ ಮುಗಿಯಿತು. ಇವತ್ತು ಪ್ರವಾಸಿಗರು ಫೋಟೊ ತೆಗೆಯುವ ಆ ಮೆಟ್ಟಿಲು ಮೆಟ್ಟಿಲಿನ ಗೋಡೆ ತುದಿಗಳು, ಮೆರುಗಿನ ಪಟ್ಟಿಗಳು ಉಳಿದದ್ದು ಹಾಗೆ.

ಇನ್ನು ಕೆಡಿಸಿದ್ದು. ಈ ಪೀಳಿಗೆಗೆ ಬರೋಕ್ ಎಂಬ ಆಡಂಬರದ ಶೈಲಿ ಎಂದರೆ ಅಲರ್ಜಿ. ಮಧ್ಯಯುಗದ ಚರ್ಚಿನೊಳಗೆ ಹದಿನೇಳು, ಹದಿನೆಂಟನೆಯ ಶತಮಾನದವರು ಇಟ್ಟ ಆಲ್ಟರ್, ಅಟ್ಟ, ಆಸನಗಳನ್ನು ಶುದ್ಧೀಕರಣದ ಹೆಸರಲ್ಲಿ ಕಿತ್ತು, ಮಧ್ಯಯುಗದವನು ಹೀಗೆ ಮಾಡಿರುತ್ತಿದ್ದ ಎಂಬ ಊಹೆಯ ಮೇಲೆ ಹೊಸದನ್ನು ಇಟ್ಟರು. ಗೋಡೆಯ ವಿಷಯದಲ್ಲಿ ಸುಳ್ಳು ಕೂಡದೆಂದವರು ಕಾಲದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಇದಕ್ಕೆ ನಾನು ಹಾಝೆಯನ್ನು ಕ್ಷಮಿಸುವುದಿಲ್ಲ. ಆದರೆ ಅದೇ ಪೆಟ್ಟು ಅವರಿಗೂ ಬಿತ್ತು. 1950, 60ರ ದಶಕಗಳಲ್ಲಿ ಅವರ ಚರ್ಚುಗಳ ಒಳಗೋಡೆಯ ಚಿತ್ರಗಳಿಗೆ ಬಿಳಿ ಬಣ್ಣ ಬಳಿದರು, ಕೆತ್ತನೆಯ ಆಲ್ಟರ್‌ಗಳನ್ನು ಕಿತ್ತರು. ಕಾರಣ ಕೇಳಿದರೆ ಮತ್ತದೇ ಶುದ್ಧೀಕರಣ! ಈ ಶೈಲಿಗೂ ಬೆಲೆಯಿದೆ ಎಂದು ಸಂರಕ್ಷಕರು ಗಟ್ಟಿಯಾಗಿ ಹೇಳತೊಡಗಿದ್ದು 1970ರ ದಶಕದಲ್ಲಿ. ಈಗ ಬಿಳಿ ಬಣ್ಣ ಕೆರೆದು ಅಡಿಯ ಚಿತ್ರ ಹುಡುಕುವುದೇ ಒಂದು ಉದ್ಯೋಗ. ನನ್ನ ಸಹಪಾಠಿಗಳಲ್ಲಿ ಕೆಲವರು ಅದರಲ್ಲೇ ನಿವೃತ್ತರಾದರು.

ಪ್ರಶ್ನೆ: ಮಗಳು ಹನೋವರ್‌ನಲ್ಲಿ ಓದುತ್ತಿದ್ದಾಳೆ. ಒಂದು ದಿನ ಸಿಕ್ಕರೆ ಏನೇನು ನೋಡಬಹುದು? ಹಾಝೆಯ ಕೈ ಎಂದು ಗುರುತಿಸುವುದು ಹೇಗೆ?

ಮುಖ್ಯ ರೈಲು ನಿಲ್ದಾಣದಿಂದ ಕಾಲ್ನಡಿಗೆಯಲ್ಲೇ ಆಗುತ್ತದೆ. ಮೊದಲು ಸೋಫಿಯನ್ ಬೀದಿಯ ಕ್ಯುನ್ಸ್ಟ್ಲರ್‌ಹೌಸ್, ಅಂದರೆ 1856ರ ಆ ಹಳೆಯ ವಸ್ತುಸಂಗ್ರಹಾಲಯ. ದುಂಡು ಕಮಾನುಗಳನ್ನು ಕಣ್ಣಿಗೆ ತುಂಬಿಕೊಳ್ಳಿ. ಅಲ್ಲಿಂದ ಹಳೆಯ ನಗರಸಭೆಗೆ ಹೋಗಿ, ಆಮೇಲೆ ಕ್ಲಾಗೆಸ್‌ಮಾರ್ಕ್ಟ್ ಬಳಿಯ ಕ್ರಿಸ್ಟುಸ್‌ಕಿರ್ಖೆಗೆ. ಒಂದೇ ಕೈ ಹತ್ತು ವರ್ಷದೊಳಗೆ ದುಂಡಿನಿಂದ ಚೂಪಿಗೆ ಹೇಗೆ ತಿರುಗಿತು ಎಂಬುದು ಈ ನಡಿಗೆಯಲ್ಲಿ ಸಿಗುತ್ತದೆ. ಯುದ್ಧದಲ್ಲಿ ಪೆಟ್ಟು ತಿಂದು ಮತ್ತೆ ಎದ್ದ ಚರ್ಚು ಅದು. ಈಗ ಊರಿನ ಬಾಲಕಿಯರ ಗಾಯನ ತಂಡಕ್ಕೆ ನೆಲೆ. ಒಳಗೆ ಮೂರೂ ಅಂಗಣಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕಿರುವುದನ್ನು ನೋಡಿ. ಹತ್ತಿರದ ಒಟ್ಟೊ ಬ್ರೆನ್ನರ್ ಬೀದಿಯಲ್ಲಿ ಅವನು ತನಗಾಗಿ ಕಟ್ಟಿಕೊಂಡ ಮನೆಯಿದೆ, ಅದೂ ಬರಿಯ ಇಟ್ಟಿಗೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ನಿಲ್ದಾಣದ ಹಿಂದಿನ ಬಡಾವಣೆಯ ಅಪೋಸ್ಟಲ್‌ಕಿರ್ಖೆ, 1880ರಿಂದ 1884ರದು. ಮಾರಿಯನ್‌ಬುರ್ಗ್‌ಗೆ ಊರ ಹೊರಗೆ ದಕ್ಷಿಣಕ್ಕೆ ಹೋಗಬೇಕು, ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಗುರುತಿನ ವಿಷಯ. ಹನೋವರ್ ಪಂಥದ ಕಟ್ಟಡದಲ್ಲಿ ಸೂರಿನ ಕೆಳಗೋ ಮಹಡಿಗಳ ನಡುವೆಯೋ ಇಟ್ಟಿಗೆಗಳನ್ನು ಓರೆಯಾಗಿ, ಮೂಲೆ ಹೊರಚಾಚುವಂತೆ ಇಟ್ಟ ಗರಗಸದ ಹಲ್ಲಿನಂಥ ಒಂದು ಸಾಲು ಇರುತ್ತದೆ. ಬಿಸಿಲು ಬಿದ್ದಾಗ ಒಂದೊಂದು ಹಲ್ಲಿಗೂ ಒಂದೊಂದು ತ್ರಿಕೋನದ ನೆರಳು. ಯಾವ ಕೆತ್ತನೆಯೂ ಇಲ್ಲ, ಇಟ್ಟಿಗೆಯನ್ನು ತಿರುಗಿಸಿಟ್ಟದ್ದಷ್ಟೇ. ಕಿಟಕಿಯ ಅಂಚಿನಲ್ಲಿ ಮೆರುಗಿನ ಇಟ್ಟಿಗೆ ಒಂದು ಬಿಟ್ಟು ಒಂದು ಬರುತ್ತದೆ. ತ್ರಿಕೋನ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗಿಲಾವು ಎಲ್ಲೂ ಇರುವುದಿಲ್ಲ. ಇಷ್ಟೂ ಇದ್ದು, ಹೆಸರು ಮಾತ್ರ ಬೇರೆಯವರದಿದ್ದರೆ ಅದು ಶಿಷ್ಯನ ಕೆಲಸ ಎಂದುಕೊಳ್ಳಿ. ಹನೋವರ್‌ನಲ್ಲಿ ಅಂಥವು ಹಾಝೆಯವಕ್ಕಿಂತ ಹೆಚ್ಚು. ಮಗಳಿಗೆ ಹೇಳಿ: ಬೆಳಗ್ಗೆಯೇ ಹೊರಡಲಿ, ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಮಬ್ಬು.